ಸಂಪಾದಕರ ಉತ್ತರ: ಆಂಟೋನಿಯೊ ಒಮ್ಮೆಲೇ ಕೆಟ್ಟನೇ?

ಮಾನ್ಯರೇ,

ಇಟಲಿಯ ನಿರ್ದೇಶಕ ವಿಟ್ಟೋರಿಯೊ ಡಿ ಸಿಕಾ ಅವರ 1948ರ ‘ಬೈಸಿಕಲ್ ಥೀವ್ಸ್’ ಚಿತ್ರದ ಬಗ್ಗೆ ನೀವು ಬರೆದ ಪತ್ರ ತಲುಪಿತು. ಕೆಲಸಕ್ಕೆ ಬೇಕೇಬೇಕಾದ ಸೈಕಲ್ ಕಳುವಾಗಿ ಪೊಲೀಸರಿಗೆ ದೂರು ಕೊಟ್ಟ ಕಥಾನಾಯಕ ಆಂಟೋನಿಯೊ ಮರುದಿನವೇ ಪರರ ಸೈಕಲ್ಲಿಗೆ ಕೈಹಾಕುವುದು ನಿಮಗೆ ನಂಬಲಾಗಲಿಲ್ಲ. ಅಷ್ಟು ನೇರ ಮನುಷ್ಯ ಕೊನೆಯ ಹತ್ತು ನಿಮಿಷದಲ್ಲಿ ಕಳ್ಳನಾಗುವುದು ನಿರ್ದೇಶಕರ ಹಟ ಎಂದಿದ್ದೀರಿ. ನಾನಿದನ್ನು ಒಪ್ಪಲಾರೆ.

ಕಷ್ಟ ಬಂತು, ಕದ್ದ ಎಂಬಷ್ಟೇ ಆಗಿದ್ದರೆ ನಿಮ್ಮ ಮಾತು ಸರಿ. ಕಷ್ಟದಲ್ಲಿರುವವರೆಲ್ಲ ಕದಿಯುವುದಿಲ್ಲ, ಇವನೇ ಏಕೆ ಕದ್ದ ಎಂಬುದನ್ನು ಚಿತ್ರ ತೋರಿಸಬೇಕು. ತೋರಿಸಿದೆ, ಆದರೆ ಬಹಳ ಮುಂಚೆಯೇ.

ಕಣಿ ಹೇಳುವ ಹೆಂಗಸನ್ನು ನೆನಪಿಸಿಕೊಳ್ಳಿ. ಹೆಂಡತಿ ಮರಿಯಾ ಆಕೆಗೆ ದುಡ್ಡು ಕೊಡಲು ಹೋದಾಗ, ಇಂಥದ್ದನ್ನೆಲ್ಲ ನಂಬುತ್ತೀಯಲ್ಲ ಎಂದು ಆಂಟೋನಿಯೊ ಹಂಗಿಸುತ್ತಾನೆ. ಸೈಕಲ್ ಹುಡುಕಿ ಹುಡುಕಿ ಕಂಗೆಟ್ಟ ಮೇಲೆ ಅದೇ ಹೆಂಗಸಿನ ಮುಂದೆ ತಾನೇ ಹೋಗಿ ಕೂರುತ್ತಾನೆ, ದುಡ್ಡನ್ನೂ ಕೊಡುತ್ತಾನೆ. ಇದಕ್ಕೂ ಕಳ್ಳತನಕ್ಕೂ ಏನು ಸಂಬಂಧ ಎನ್ನಬಹುದು. ಇಡೀ ಬದಲಾವಣೆಯ ಗುಟ್ಟು ನನಗೆ ಕಾಣುವುದು ಇಲ್ಲೇ. ನಿನ್ನೆ ಹೀಗಳೆದದ್ದನ್ನು ಇವತ್ತು ಮಾಡಲು ಅವನಿಗೆ ಸಂಕೋಚವಾಗುತ್ತಿಲ್ಲ. ಅಷ್ಟರೊಳಗೆ ಚರ್ಚಿನಲ್ಲಿ ಪ್ರಾರ್ಥನೆ ನಡೆದಿರುವಾಗಲೇ, ಕಳ್ಳನನ್ನು ಬಲ್ಲ ಮುದುಕನೊಬ್ಬನನ್ನು ಕಾಡಿದ್ದಾನೆ, ಮಗ ಬ್ರೂನೊನ ಕೆನ್ನೆಗೂ ಬಾರಿಸಿದ್ದಾನೆ. ಆಮೇಲೆ ಕಳ್ಳನೇ ಎದುರಾದರೂ ಸಾಕ್ಷಿಯಿಲ್ಲ, ಕೇರಿಗೆ ಕೇರಿಯೇ ಕಳ್ಳನ ಬೆನ್ನಿಗೆ ನಿಲ್ಲುತ್ತದೆ, ಬಂದ ಪೊಲೀಸನಿಂದಲೂ ಏನೂ ಆಗುವುದಿಲ್ಲ.

ಇನ್ನು ಕ್ರೀಡಾಂಗಣದ ಹೊರಗಿನ ದೃಶ್ಯ. ಸಾಲು ಸಾಲು ಸೈಕಲ್. ಆಂಟೋನಿಯೊ ಕೂರುತ್ತಾನೆ, ಏಳುತ್ತಾನೆ, ಅತ್ತಿತ್ತ ಓಡಾಡುತ್ತಾನೆ. ಕೊನೆಗೆ ಮಗನ ಕೈಗೆ ದುಡ್ಡು ಕೊಟ್ಟು ಟ್ರಾಮ್ ಹತ್ತಿ ಹೋಗು ಎನ್ನುತ್ತಾನೆ. ನಿಜವಾಗಿ ಕೆಟ್ಟವನಾಗಿದ್ದರೆ ಮಗನನ್ನು ದೂರ ಕಳಿಸುವ ಗೋಜಿಗೇ ಹೋಗುತ್ತಿರಲಿಲ್ಲ. ತಾನು ಮಾಡಹೊರಟಿರುವುದು ಎಂಥದ್ದೆಂದು ಅವನಿಗೆ ಚೆನ್ನಾಗಿ ಗೊತ್ತು. ಕದಿಯುವುದಕ್ಕೂ ಸರಿಯಾಗಿ ಬರುವುದಿಲ್ಲ, ಕೂಡಲೇ ಸಿಕ್ಕಿಬೀಳುತ್ತಾನೆ. ಪಾತ್ರ ಮಾಡಿದ ಲ್ಯಾಂಬರ್ಟೊ ಮಜ್ಜೊರಾನಿ ವೃತ್ತಿನಟರಲ್ಲ, ಕಾರ್ಖಾನೆಯ ಕೆಲಸಗಾರರು. ಆ ತಡವರಿಕೆಯಲ್ಲಿ ನಟನೆಯ ನಯವಿಲ್ಲದಿರುವುದು ಚಿತ್ರಕ್ಕೆ ಒದಗಿಬಂದ ಭಾಗ್ಯ.

ನಿಮಗಿರುವ ಅನುಮಾನ ಬೇರೆ ಎಷ್ಟೋ ಚಿತ್ರಗಳಿಗೆ ಸಲ್ಲುತ್ತದೆ. ತಾಯಿಯ ಒಂದು ಮಾತು, ಹಿನ್ನೆಲೆಯಲ್ಲಿ ಪಿಟೀಲು, ಮರುಕ್ಷಣ ಕಟುಕನ ಕಣ್ಣಲ್ಲಿ ನೀರು. ಅಂಥ ಪರಿವರ್ತನೆ ನನಗೂ ಸಿಟ್ಟು ತರಿಸುತ್ತದೆ, ಏಕೆಂದರೆ ಅಲ್ಲಿ ಆ ಮನುಷ್ಯನೊಳಗೆ ಏನಾಯಿತೆಂದು ಯಾರೂ ಯೋಚಿಸಿರುವುದಿಲ್ಲ.

ಈ ಚಿತ್ರದಲ್ಲಿ ನನಗೆ ತುಸು ಅವಸರವೆನಿಸುವುದು ಬೇರೊಂದು ಕಡೆ. ಜನ ಹಿಡಿದು ತಂದ ಆಂಟೋನಿಯೊನನ್ನು ಸೈಕಲ್ಲಿನ ಯಜಮಾನ, ಅಳುತ್ತಿರುವ ಬ್ರೂನೊನನ್ನು ಕಂಡು ಬಿಟ್ಟುಬಿಡುತ್ತಾನೆ. ಆ ಯಜಮಾನನ ಬಗ್ಗೆ ನಮಗೆ ಅದುವರೆಗೆ ಏನೂ ತಿಳಿದಿಲ್ಲ. ಮಗುವಿನ ಅಳುವೊಂದೇ ಅಷ್ಟು ಬೇಗ ಅವನ ಸಿಟ್ಟು ಇಳಿಸಬಲ್ಲುದೇ? ನಿಮ್ಮ ಪ್ರಶ್ನೆಯನ್ನು ಅವನ ವಿಷಯದಲ್ಲಿ ಕೇಳಿದ್ದರೆ ನನಗೆ ಉತ್ತರಿಸುವುದು ಕಷ್ಟವಾಗುತ್ತಿತ್ತು. ಚಿತ್ರವನ್ನು ಇನ್ನೊಮ್ಮೆ ನೋಡಿ, ಇದರ ಬಗ್ಗೆ ನಿಮಗೇನನ್ನಿಸಿತೆಂದು ಬರೆಯಿರಿ. ಪ್ರಕಟಿಸುತ್ತೇವೆ.

– ಸಂ.