‘ಟಾರ್ಚರ್’ ಎಂಬ ಕ್ರಿಯಾಪದದ ಮೂಲ

ಪ್ರಶ್ನೆ: ನಮ್ಮ ಸುತ್ತಲಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿರುವವರಿಗೆ ನಾನು ಅರ್ಜಿ, ದೂರುಗಳನ್ನು ಬರೆದುಕೊಡುತ್ತೇನೆ. ಗಂಡ ಹೊಡೆದರೂ, ತೋಟದ ರೈಟರ್ ಬೈದರೂ, ಸಾಲ ಕೊಟ್ಟವರು ಬಾಗಿಲಲ್ಲಿ ಬಂದು ಕುಳಿತರೂ ‘ಟಾರ್ಚರ್ ಕೊಡ್ತಾರೆ’ ಎಂದೇ ಅವರು ಹೇಳುತ್ತಾರೆ. ಈ ಪದದ ಮೂಲ ಯಾವುದು? ಅರ್ಜಿಯಲ್ಲಿ ಇದನ್ನೇ ಬರೆಯಬಹುದೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ‘ಟಾರ್ಚರ್’ ಲ್ಯಾಟಿನ್ ಭಾಷೆಯ ‘ಟಾರ್ಕ್ವೇರೆ’ ಎಂಬ ಧಾತುವಿನಿಂದ ಹುಟ್ಟಿದ್ದು; ಅದರ ಅರ್ಥ ತಿರುಚುವುದು, ಹೊಸೆಯುವುದು. ಕೈಕಾಲುಗಳನ್ನು ಹಗ್ಗದಿಂದ ಬಿಗಿದು ತಿರುಚಿ ಬಾಯಿಬಿಡಿಸುವ ಕ್ರಮವೇ ಪದದ ಒಡಲಲ್ಲಿದೆ. ಅದು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಮೊದಲು ನಾಮಪದವಾಗಿ ಬಂದು, 16ನೇ ಶತಮಾನದ ಕೊನೆಯ ಭಾಗದಲ್ಲಿ ಕ್ರಿಯಾಪದವೂ ಆಯಿತು. ಜೀಪಿನ ಎಂಜಿನ್ನಿಗೆ ಹೇಳುವ ‘ಟಾರ್ಕ್’, ಬೆದರಿಸಿ ಹಣ ಕೀಳುವುದಕ್ಕೆ ಹೇಳುವ ‘ಎಕ್ಸ್‌ಟಾರ್ಶನ್’ ಇದೇ ಧಾತುವಿನವು. ‘ಟಾರ್ಮೆಂಟ್’ ಕೂಡ ಹಾಗೆಯೇ: ಅದರ ಲ್ಯಾಟಿನ್ ರೂಪವು ಹುರಿಗೊಳಿಸಿದ ಹಗ್ಗದ ಬಲದಿಂದ ಕಲ್ಲೆಸೆಯುವ ಯುದ್ಧಯಂತ್ರಕ್ಕೂ, ಮನುಷ್ಯನನ್ನು ಹಿಂಸಿಸುವ ಸಾಧನಕ್ಕೂ ಹೆಸರಾಗಿತ್ತು.

ಇಲ್ಲಿ ಗಮನಿಸಬೇಕಾದದ್ದು, ಈ ಪದ ಹುಟ್ಟಿದ್ದು ಬೀದಿಜಗಳದಲ್ಲಲ್ಲ, ವಿಚಾರಣೆಯ ಕೋಣೆಯಲ್ಲಿ. ರೋಮನ್ ಕಾನೂನಿನಲ್ಲಿ ಗುಲಾಮನ ಸಾಕ್ಷ್ಯವನ್ನು ಸಾಮಾನ್ಯವಾಗಿ ಹಿಂಸಿಸಿ ಪಡೆದರೆ ಮಾತ್ರ ಒಪ್ಪುತ್ತಿದ್ದರು. ನಮ್ಮ ನಾಡಿನ ಮಟ್ಟಿಗೂ ಈ ಪದ ದೊಡ್ಡದಾಗಿ ದಾಖಲಾದದ್ದು ಸರ್ಕಾರದ ಕೈಯ ಹಿಂಸೆಯ ಸಂದರ್ಭದಲ್ಲೇ. ಮದ್ರಾಸ್ ಪ್ರಾಂತ್ಯದಲ್ಲಿ ಕಂದಾಯ ವಸೂಲಿಗೂ ತಪ್ಪೊಪ್ಪಿಗೆ ಪಡೆಯುವುದಕ್ಕೂ ನಡೆಯುತ್ತಿದ್ದ ಹಿಂಸೆಯನ್ನು ಕುರಿತು 1855ರಲ್ಲಿ ಆಯೋಗವೊಂದು ವರದಿ ಕೊಟ್ಟಿತು. ಬೆರಳುಗಳನ್ನು ಮರದ ತುಂಡುಗಳ ನಡುವೆ ಇಟ್ಟು ಹಿಸುಕುವ ‘ಕಿಟ್ಟಿ’ಯ ಹೆಸರು ಅದರಲ್ಲಿ ಬರುತ್ತದೆ. ಕೊಡಗು ಆಗ ಆ ಪ್ರಾಂತ್ಯಕ್ಕೆ ಸೇರಿರಲಿಲ್ಲವಾದರೂ ಘಟ್ಟದ ಕೆಳಗಿನ ಕೆನರಾ ಜಿಲ್ಲೆ ಸೇರಿತ್ತು. ತೆರಿಗೆ ಕಟ್ಟಲಾಗದ ರೈತನ ಬೆರಳನ್ನು ಹಿಸುಕಿದ ಆಡಳಿತ ನಮಗೆ ಇಷ್ಟು ಹತ್ತಿರದಲ್ಲಿತ್ತೆಂಬುದನ್ನು ಮರೆಯಬಾರದು.

ಕನ್ನಡದಲ್ಲಿ ಇದಕ್ಕೆ ಸರಿಸಮನಾದ ಪದ ‘ಚಿತ್ರಹಿಂಸೆ’. ಈ ‘ಚಿತ್ರ’ ಗೋಡೆಯ ಮೇಲೆ ಬರೆದ ಚಿತ್ರವಲ್ಲ. ಬಗೆಬಗೆಯ ಎಂಬ ಅರ್ಥದ್ದು. ಕೌಟಿಲ್ಯನ ಅರ್ಥಶಾಸ್ತ್ರವು ಮರಣದಂಡನೆಯಲ್ಲಿ ‘ಶುದ್ಧ’ ಮತ್ತು ‘ಚಿತ್ರ’ ಎಂದು ಎರಡು ಬಗೆ ಮಾಡುತ್ತದೆ: ಹಿಂಸಿಸದೆ ಕೊಲ್ಲುವುದು ಮೊದಲನೆಯದು, ಹಿಂಸಿಸಿ ಕೊಲ್ಲುವುದು ಎರಡನೆಯದು.

ಇನ್ನು ಅರ್ಜಿಯ ವಿಷಯ. ವಿಶ್ವಸಂಸ್ಥೆಯ 1984ರ ಒಡಂಬಡಿಕೆಯ ಪ್ರಕಾರ ಟಾರ್ಚರ್ ಎನ್ನಬೇಕಾದರೆ ದೇಹಕ್ಕೋ ಮನಸ್ಸಿಗೋ ತೀವ್ರವಾದ ನೋವನ್ನು ಬೇಕೆಂದೇ ಕೊಟ್ಟಿರಬೇಕು. ತಪ್ಪೊಪ್ಪಿಗೆ, ಶಿಕ್ಷೆ, ಬೆದರಿಕೆಯಂಥ ಉದ್ದೇಶವಿರಬೇಕು. ಜೊತೆಗೆ ಸರ್ಕಾರಿ ಅಧಿಕಾರಿಯ ಕೈವಾಡವೋ ಸಮ್ಮತಿಯೋ ಇರಬೇಕು. ಭಾರತ ಇದಕ್ಕೆ 1997ರಲ್ಲಿ ಸಹಿ ಹಾಕಿದೆ, ಆದರೆ ಅನುಮೋದಿಸಿಲ್ಲ. ನಮ್ಮ ದಂಡಸಂಹಿತೆಯಲ್ಲಿ ಈ ಪದದ ವ್ಯಾಖ್ಯೆ ಇಲ್ಲವೆಂಬುದನ್ನು ಸುಪ್ರೀಂ ಕೋರ್ಟ್ 1996ರ ಡಿ.ಕೆ. ಬಸು ತೀರ್ಪಿನಲ್ಲೇ ಗುರುತಿಸಿತ್ತು.

ಆದ್ದರಿಂದ ಗಂಡನ ಮೇಲಿನ ದೂರಿನಲ್ಲಿ ‘ಟಾರ್ಚರ್’ ಎಂಬ ಒಂದೇ ಪದ ಬರೆದು ನಿಲ್ಲಿಸಿದರೆ ಆ ಹೆಂಗಸಿಗೆ ಅನ್ಯಾಯವಾಗುತ್ತದೆ. ಅಲ್ಲಿ ಕಾನೂನು ಬಳಸುವ ಪದ ‘ಕ್ರೌರ್ಯ’. ಹಳೆಯ ದಂಡಸಂಹಿತೆಯ 498ಎ ಕಲಮಿನಲ್ಲಿದ್ದ ಅಪರಾಧ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಲ್ಲಿದೆ, ಕ್ರೌರ್ಯದ ವಿವರಣೆ 86ರಲ್ಲಿದೆ. ಯಾವ ದಿನ, ಯಾವುದರಿಂದ ಹೊಡೆದ, ಎಲ್ಲಿ ಗಾಯವಾಯಿತು, ಪಕ್ಕದ ಲೈನಿನವರಲ್ಲಿ ಯಾರು ನೋಡಿದರು ಎಂಬುದನ್ನು ಅವರು ಹೇಳಿದಂತೆಯೇ ಬರೆಯಿರಿ. ರೈಟರನ ಬೈಗುಳವಾದರೆ ಬೈದ ಮಾತನ್ನೇ ಬರೆಯಿರಿ. ಸಾಲ ಕೊಟ್ಟವರು ಎಷ್ಟು ಸಲ ಬಂದರು, ಏನೆಂದು ಹೆದರಿಸಿದರು ಎಂಬುದೂ ಬರಲಿ.

ಒಂದು ಸಂದರ್ಭದಲ್ಲಿ ಮಾತ್ರ ಹಿಂಜರಿಯಬೇಡಿ. ಠಾಣೆಗೆ ಕರೆದೊಯ್ದು, ತಪ್ಪೊಪ್ಪಿಕೊಳ್ಳುವಂತೆ ಯಾರನ್ನಾದರೂ ಹೊಡೆದಿದ್ದರೆ, ಆ ದೂರಿನಲ್ಲಿ ‘ಕಿರುಕುಳ’ ಎಂಬ ಮೆದು ಪದ ಸಲ್ಲದು. ‘ಚಿತ್ರಹಿಂಸೆ’ ಎಂದೇ ಬರೆಯಬೇಕು. ತಪ್ಪೊಪ್ಪಿಗೆಗಾಗಿ ನೋಯಿಸುವುದನ್ನು ಅಪರಾಧವೆನ್ನುವ, ನ್ಯಾಯ ಸಂಹಿತೆಯ 120ನೇ ಕಲಮು ಕೊಡುವ ಮೊದಲ ಉದಾಹರಣೆಯೇ ಆರೋಪಿಯನ್ನು ‘ಟಾರ್ಚರ್’ ಮಾಡುವ ಪೊಲೀಸ್ ಅಧಿಕಾರಿಯದು, ಮತ್ತು 1860ರ ಹಳೆಯ ದಂಡಸಂಹಿತೆಯಲ್ಲೂ ಅದು ಹಾಗೆಯೇ ಇತ್ತು.