ನಾಲ್ಕು ದಿನದಲ್ಲಿ ನಾಲ್ಕು ಕಟ್‌ಥ್ರೋಟ್ ಸಿಗುತ್ತಾ?

ಪ್ರಶ್ನೆ: ನಾನು ಹಾಸನದವನು, ಈಗ ಡೆನ್ವರ್‌ನಲ್ಲಿ ಕೆಲಸ. ಎರಡು ವರ್ಷದಿಂದ ಫ್ಲೈ ಫಿಶಿಂಗ್ (ಕೀಟದ ಹಾಗೆ ಕಾಣುವ ನಕಲಿ ಹುಳ, ಅಂದರೆ ‘ಫ್ಲೈ’ ಕಟ್ಟಿ ಗಾಳ ಹಾಕೋದು) ಹುಚ್ಚು. ವೈಯೋಮಿಂಗ್‌ನ ‘ಕಟ್-ಸ್ಲ್ಯಾಮ್’ ಮುಗಿಸುವ ಆಸೆ ಇದೆ. ಜೂನ್ ಮೊದಲ ವಾರ ನಾಲ್ಕು ದಿನ ರಜೆ ಹಾಕಿದ್ದೇನೆ. ಸಾಕಾಗುತ್ತಾ? ಯಾವ ಫ್ಲೈ ಒಯ್ಯಲಿ? ಇನ್ನೊಂದು ವಿಷಯ. ಊರಿಂದ ಬಂದಿರುವ ಅಪ್ಪ, “ತಿನ್ನೋದಿಲ್ಲ ಅಂದ್ಮೇಲೆ ಆ ಮೀನಿಗ್ಯಾಕೆ ಹಿಂಸೆ?” ಅಂತಾರೆ. ಏನು ಹೇಳಲಿ?

ಉತ್ತರ: ಮೊದಲು ರಜೆ ಮುಂದಕ್ಕೆ ಹಾಕಿ. ಜೂನ್‌ನಲ್ಲಿ ಅಲ್ಲಿ ಹಿಮ ಕರಗಿ ಹಳ್ಳಗಳು ತುಂಬಿ ಹರಿಯುತ್ತಿರುತ್ತವೆ. ಆಷಾಢದ ಹೇಮಾವತಿಯಲ್ಲಿ ಗಾಳ ಹಾಕಿದ ಹಾಗಾಗುತ್ತೆ. ಜುಲೈ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಸರಿಯಾದ ಕಾಲ.

ಬೇರೆ ಓದುಗರಿಗಾಗಿ ಎರಡು ಮಾತು. ಕಟ್‌ಥ್ರೋಟ್ ಅಮೆರಿಕದ ಪಶ್ಚಿಮ ಭಾಗದ ಮೂಲನಿವಾಸಿ ಟ್ರೌಟ್. ದವಡೆಯ ಕೆಳಗೆ ಕುಂಕುಮ ಎಳೆದಂತೆ ಕೆಂಪು ಗೆರೆ ಇರುತ್ತೆ, ಅದರಿಂದಲೇ ‘ಕತ್ತು ಕೊಯ್ದ’ ಅನ್ನೋ ಆ ಹೆಸರು. ಕಟ್-ಸ್ಲ್ಯಾಮ್ ಅನ್ನು ವೈಯೋಮಿಂಗ್‌ನ ಗೇಮ್ ಅಂಡ್ ಫಿಶ್ ಇಲಾಖೆ 1996ರಲ್ಲಿ ಶುರು ಮಾಡಿತು. ಬಾನವಿಲ್, ಕೊಲೊರಾಡೊ ರಿವರ್, ಸ್ನೇಕ್ ರಿವರ್, ಯೆಲ್ಲೋಸ್ಟೋನ್ ಅಂತ ನಾಲ್ಕು ಬಗೆಯ ಕಟ್‌ಥ್ರೋಟ್ ಹಿಡಿದು, ಫೋಟೊ ತೆಗೆದು ಕಳಿಸಬೇಕು. ಒಂದೊಂದನ್ನೂ ಅದರ ಮೂಲ ಜಲಾನಯನದಲ್ಲೇ ಹಿಡಿದಿರಬೇಕು. ಸ್ನೇಕ್ ರಿವರ್ ಮೀನನ್ನು ಇಲಾಖೆಯವರೇ ತಂದು ಎಷ್ಟೋ ಕಡೆ ಬಿಟ್ಟಿದ್ದಾರೆ, ಅಲ್ಲಿ ಸಿಕ್ಕಿದ್ದು ಲೆಕ್ಕಕ್ಕಿಲ್ಲ. ಹಾಗಾಗಿ ಫ್ಲೈ ಆಮೇಲೆ, ಮೊದಲು ನಕ್ಷೆ ಬಿಡಿಸಿ.

ನಕ್ಷೆಯಲ್ಲಿ ‘ಟ್ರೈ-ಬೇಸಿನ್ ಡಿವೈಡ್’ ಹುಡುಕಿ. ನೋಡೋಕೆ ಸಾಮಾನ್ಯ ದಿಬ್ಬ. ಆದರೆ ಅದರ ಒಂದು ಮಗ್ಗುಲಿನ ನೀರು ಲಾಬಾರ್ಜ್ ಹಳ್ಳವಾಗಿ ಗ್ರೀನ್ ನದಿಗೆ, ಅಲ್ಲಿಂದ ಕೊಲೊರಾಡೊಗೆ ಹೋಗುತ್ತೆ. ಇನ್ನೊಂದು ಮಗ್ಗುಲಿನದು ಗ್ರೇಸ್ ನದಿಯಾಗಿ ಸ್ನೇಕ್ ಸೇರಿ, ಕೊಲಂಬಿಯಾ ಮೂಲಕ ಪೆಸಿಫಿಕ್‌ಗೆ. ಮೂರನೆಯದು ಸ್ಮಿತ್ಸ್ ಫೋರ್ಕ್. ಅದು ಬೇರ್ ನದಿ ಸೇರಿ ಗ್ರೇಟ್ ಸಾಲ್ಟ್ ಲೇಕ್‌ನಲ್ಲಿ ಮುಗಿಯುತ್ತೆ, ಸಮುದ್ರದ ಮುಖವನ್ನೇ ನೋಡಲ್ಲ. ಹೀಗೆ ಬೇರೆ ಬೇರೆ ನೀರಿನಲ್ಲಿ ಸಾವಿರಾರು ವರ್ಷ ಕಳೆದದ್ದಕ್ಕೇ ಮೀನುಗಳೂ ಬೇರೆಯಾಗಿವೆ. ಲಾಬಾರ್ಜ್‌ನ ಕೊಲೊರಾಡೊ ಕಟ್‌ಥ್ರೋಟ್ ಹೊಟ್ಟೆ ಕೆಂಪು ಕೆಂಪು. ಸ್ಮಿತ್ಸ್ ಫೋರ್ಕ್‌ನ ಬಾನವಿಲ್ ಮಂಕು ಬಣ್ಣದ್ದು, ಚುಕ್ಕೆ ವಿರಳ. ಗ್ರೇಸ್‌ನಲ್ಲಿರುವ ಸ್ನೇಕ್ ರಿವರ್ ಮೀನಿಗೆ ಮೈತುಂಬ ಕಾಳುಮೆಣಸಿನ ಪುಡಿ ಚಿಮುಕಿಸಿದಂತೆ ಸಣ್ಣ ಚುಕ್ಕೆ. ತಮಾಷೆ ಅಂದರೆ, ಈ ಸ್ನೇಕ್ ಮೀನಿಗೂ ಯೆಲ್ಲೋಸ್ಟೋನ್ ಮೀನಿಗೂ ಡಿಎನ್‌ಎ ನೋಡಿ ಸರಿಯಾಗಿ ಗೆರೆ ಎಳೆಯೋಕೆ ವಿಜ್ಞಾನಿಗಳಿಗೇ ಆಗಿಲ್ಲ. ಕಣ್ಣಿಗೆ ಮಾತ್ರ ಬೇರೆ ಬೇರೆ.

ಈ ಮೂರಕ್ಕೆ ಎರಡೂವರೆ ದಿನ ಸಾಕು. ನಾಲ್ಕನೆಯದಾದ ಯೆಲ್ಲೋಸ್ಟೋನ್ ಮೀನಿಗೆ ಪೂರ್ವಕ್ಕೆ, ಮಿಟೀಟ್ಸಿ ಊರಿನ ಮೇಲ್ಗಡೆ ಗ್ರೇಬುಲ್ ನದಿಗೆ ಹೋಗಬೇಕು. ಒಂದು ಹಗಲು ಕಾರಿನಲ್ಲೇ ಕಳೆಯುತ್ತೆ. ಐದು ದಿನ ಇಟ್ಟುಕೊಳ್ಳಿ. ಅದು ಗ್ರಿಜ್ಲಿ ಕರಡಿಯ ಸೀಮೆ. ಬೇರ್ ಸ್ಪ್ರೇ (ಕರಡಿ ಮೈಮೇಲೆ ಬಂದರೆ ಎರಚುವ ಖಾರದ ಸ್ಪ್ರೇ) ಸೊಂಟದಲ್ಲಿರಲಿ, ಬ್ಯಾಗಿನೊಳಗಲ್ಲ.

ಫ್ಲೈ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 14, 16ನೇ ನಂಬರಿನ ಸಣ್ಣ ಕೊಕ್ಕೆಯ ಆಡಮ್ಸ್, ಎಲ್ಕ್ ಹೇರ್ ಕ್ಯಾಡಿಸ್ ಅನ್ನೋ ಫ್ಲೈಗಳು, ಆಗಸ್ಟ್‌ಗೆ ಮಿಡತೆಯಂಥ ನಾಲ್ಕು ಫ್ಲೈ. ರಾಡ್ ಹಗುರವಾದ 3 ಅಥವಾ 4 ವೇಟ್‌ನದು. ಅಲ್ಲಿ ಬೇಸಿಗೆ ಚಿಕ್ಕದು, ಹಸಿದ ಮೀನು ಆರಿಸುತ್ತಾ ಕೂರಲ್ಲ. ಆದರೆ ನೆರಳಿಗೆ ಹೆದರುತ್ತೆ. ಒಮ್ಮೆ ಮೊಣಕಾಲುದ್ದದ ಮಡುವಿನ ಮುಂದೆ ನಾನು ಸುಮ್ನೆ ಎದ್ದು ನಿಂತೆ. ಟೋಪಿಯ ನೆರಳು ನೀರಿಗೆ ಬಿತ್ತು. ಮೂರು ಮೀನು ದಡದ ಬೇರಿನಡಿ ನುಗ್ಗಿದವು, ಅರ್ಧ ಗಂಟೆ ಕಾದರೂ ಹೊರಬರಲಿಲ್ಲ. ಹಳ್ಳದ ಕೆಳಗಿನಿಂದ ಮೇಲಕ್ಕೆ ನಡೆಯಿರಿ, ಮಂಡಿಯೂರಿ ಎಸೆಯಿರಿ. ಕಟ್‌ಥ್ರೋಟ್ ಸೋಮಾರಿಯ ಹಾಗೆ ಮೇಲೇಳುತ್ತೆ. ಬಾಯಿ ಕಂಡ ಕೂಡಲೇ ಎಳೆದರೆ ಫ್ಲೈ ಬರಿದೇ ವಾಪಸ್ ಬರುತ್ತೆ. ಬಾಯಿ ಮುಚ್ಚಲಿ, ಆಮೇಲೆ ರಾಡ್ ಎತ್ತಿ.

ಇನ್ನು ಅಪ್ಪನ ಮಾತು. ಅವರು ಹೇಳೋದು ಸುಳ್ಳಲ್ಲ. ಹಿಡಿದು ವಾಪಸ್ ನೀರಿಗೆ ಬಿಟ್ಟ ಮೀನುಗಳಲ್ಲಿ ಕೆಲವು ಸಾಯುತ್ತವೆ. ‘ಹಿಂಸೆ ಆಗಲ್ಲ’ ಅಂತ ವಾದ ಮಾಡೋಕೆ ನಾನಂತೂ ಹೋಗಲ್ಲ. ಕಡಿಮೆ ಮಾಡಬಹುದು, ಅಷ್ಟೇ. ಕೊಕ್ಕೆಯ ಹಿಂದಿನ ಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿ. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಣಗೈಗೆ ಅದರ ಮೈಲೋಳೆ ಅಂಟಿಬರುತ್ತೆ. ನೀರು 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಆ ದಿನ ಗಾಳ ಸುತ್ತಿಡಿ.

ಅಪ್ಪನನ್ನೂ ಕರೆದುಕೊಂಡು ಹೋಗಿ, ಅಲ್ವಾ? ಕ್ಯಾಮೆರಾ ಅವರ ಕೈಗೆ ಕೊಡಿ. ಅವರು ಸಿದ್ಧವಾದ ಮೇಲೆಯೇ ಮೀನನ್ನು ನೀರಿನಿಂದ ಎತ್ತಿದರೆ ಎರಡು ಸೆಕೆಂಡಿನ ಕೆಲಸ. ಮೀನು ತಿನ್ನುವವರಾದರೆ ಅವರಿಗೂ ಒಂದು ದಾರಿ ಇದೆ. ಅಲ್ಲಿನ ಬಹಳಷ್ಟು ಹಳ್ಳಗಳಲ್ಲಿ ಬ್ರೂಕ್ ಟ್ರೌಟ್ ತುಂಬಿದೆ. ಪೂರ್ವದ ರಾಜ್ಯಗಳಿಂದ ತಂದು ಬಿಟ್ಟ ಮೀನದು, ಕಟ್‌ಥ್ರೋಟ್‌ನ ಜಾಗ, ಊಟ ಎರಡನ್ನೂ ಕಿತ್ತುಕೊಳ್ಳುತ್ತಿದೆ. ಆ ಹಳ್ಳಕ್ಕೆ ಎಷ್ಟು ಹಿಡಿಯಬಹುದು ಅಂತ ಇಲಾಖೆಯ ನಿಯಮದಲ್ಲಿ ನೋಡಿಕೊಂಡು ಹಿಡಿಯಿರಿ. ಅಂಗೈಯಷ್ಟುದ್ದದವು ರವೆ ಹಚ್ಚಿ ಕರಿಯೋಕೆ ಹೇಳಿಮಾಡಿಸಿದ ಹಾಗಿರುತ್ತವೆ.