ಮಾಳಿಗೆ ಮೇಲೆ ಕೋಣೆ, ಗೋಡೆಯಾಚೆ ಪತ್ರಾಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಗೋಳಗುಮ್ಮಟದ ಸಮೀಪದ ಓಣಿಯಲ್ಲಿ ನಮ್ಮದು ಒಂದೇ ಅಂತಸ್ತಿನ ಸ್ಲ್ಯಾಬ್ ಮನೆ. ಮಾಳಿಗೆ ಮೇಲೊಂದು ಕೋಣೆ ಹಾಕಿಸಬೇಕು. ಮೊಬೈಲಿನಲ್ಲಿ ಅಳೆದರೆ ಗುಮ್ಮಟದಿಂದ ನಮ್ಮ ಮನೆಗೆ 140 ಮೀಟರ್ ಬರುತ್ತದೆ. ನೂರು ಮೀಟರ್ ದಾಟಿದೆಯಲ್ಲ, ಪಾಲಿಕೆ ಪರವಾನಿಗೆಯೊಂದೇ ಸಾಕೇ?
– ಓದುಗರು, ವಿಜಯಪುರ

ಉತ್ತರ: ಸಾಲದು. ಅಳತೆಯನ್ನೂ ತಪ್ಪು ಜಾಗದಿಂದ ಹಿಡಿದಿದ್ದೀರಿ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಅದರಂತೆ ನೂರು ಮೀಟರ್ ಎಣಿಸಬೇಕಾದ್ದು ಗುಮ್ಮಟದ ಗೋಡೆಯಿಂದಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ. ಗುಮ್ಮಟದ ಸುತ್ತಲಿನ ಆವರಣ ಎಷ್ಟು ದೊಡ್ಡದೆಂದು ನಿಮಗೇ ಗೊತ್ತು. ಆ ಗಡಿಯಿಂದ ಅಳೆದರೆ ನಿಮ್ಮ ಮನೆ ನೂರರೊಳಗೇ ಬರಬಹುದು. ಮೊಬೈಲ್ ಅಳತೆ ನಂಬಬೇಡಿ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಗಡಿ ನಕ್ಷೆಯನ್ನೂ ನಿಮ್ಮ ಸಿಟಿಎಸ್ (ನಗರ ಭೂಮಾಪನ) ಉತಾರದ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟು ಎಂಜಿನಿಯರರಿಂದ ಅಳೆಸಿ. ವಿಜಯಪುರದಲ್ಲಿ ಒಂದು ಸ್ಮಾರಕದಿಂದ ದೂರ ಇದ್ದ ಮನೆ ಇನ್ನೊಂದಕ್ಕೆ ಹತ್ತಿರ ಇರುತ್ತದೆ. ಬಾರಾ ಕಮಾನ್, ಜುಮ್ಮಾ ಮಸೀದಿ, ಇಬ್ರಾಹಿಂ ರೋಜಾ ಎಲ್ಲದರ ಗಡಿಯನ್ನೂ ನೋಡಬೇಕು. ಬಾದಾಮಿ, ಐಹೊಳೆ, ಪಟ್ಟದಕಲ್ಲಿನವರಿಗೂ ಇದೇ ಮಾತು.

ಗಡಿಯಿಂದ ಮೊದಲ 100 ಮೀಟರ್ ನಿಷೇಧಿತ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ. ಹೊಸ ಮನೆ ಕಟ್ಟಿದರೆ ಮಾತ್ರ ನಿರ್ಮಾಣ, ಇದ್ದ ಮನೆ ಎತ್ತರಿಸಿದರೆ ಅಲ್ಲ ಎಂದು ಬಹಳ ಮಂದಿ ತಿಳಿದಿದ್ದಾರೆ. ಕಾಯ್ದೆಯಲ್ಲಿ ಹಾಗಿಲ್ಲ. ಮೇಲಕ್ಕೆ ಏರಿಸಿದರೂ ಪಕ್ಕಕ್ಕೆ ಚಾಚಿದರೂ ಅದು ನಿರ್ಮಾಣವೇ. ಹಾಗಾಗಿ ನಿಷೇಧಿತ ಪ್ರದೇಶದಲ್ಲಿ ಮಾಳಿಗೆ ಮೇಲಿನ ಕೋಣೆಗೆ ಅನುಮತಿ ಸಿಗುವುದಿಲ್ಲ. ಅಲ್ಲಿ ಸಿಗುವುದು ದುರಸ್ತಿಗೆ ಮಾತ್ರ, ಅದೂ ಮನೆ 1992ರ ಜೂನ್ 16ಕ್ಕೂ ಮೊದಲೇ ಇದ್ದರೆ, ಇಲ್ಲವೇ ಆಮೇಲೆ ಇಲಾಖೆಯ ಮಹಾನಿರ್ದೇಶಕರ ಒಪ್ಪಿಗೆ ಪಡೆದು ಕಟ್ಟಿದ್ದರೆ. ಹಳೆಯ ಮನೆಪಟ್ಟಿ ಪಾವತಿ, ಉತಾರ, ಆ ಕಾಲದ ಕರೆಂಟ್ ಬಿಲ್ಲು, ಸಿಕ್ಕಿದ್ದನ್ನೆಲ್ಲ ಜೋಪಾನ ಮಾಡಿ. ಹಳೆಯ ಮನೆ ಕೆಡವಿ ಅದೇ ಅಳತೆಗೆ ಮತ್ತೆ ಕಟ್ಟಿದರೆ ಅದು ಪುನರ್ನಿರ್ಮಾಣ, ದುರಸ್ತಿ ಅಲ್ಲ. ಸೋರುವ ಸ್ಲ್ಯಾಬನ್ನು ಪೂರ್ತಿ ಒಡೆದು ಹೊಸದು ಹಾಕುವ ವಿಚಾರವಿದ್ದರೆ ಅದನ್ನು ಅರ್ಜಿಯಲ್ಲೇ ಬಿಡಿಸಿ ಬರೆದು, ಉತ್ತರ ಕೈಗೆ ಬಂದ ಮೇಲೆ ಗೌಂಡಿಯನ್ನು ಕರೆಸಿ.

ಮನೆ ನಿಯಂತ್ರಿತ ಪ್ರದೇಶದಲ್ಲಿದ್ದರೆ ದಾರಿ ಇದೆ. ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಈ ಕಾಯ್ದೆಯಡಿ ಅನುಮತಿ ಕೊಡುವ ಅಧಿಕಾರಿಗೆ, ಅರ್ಜಿ ಹಾಕಿ. ಅವರು 15 ದಿನದೊಳಗೆ ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಅಲ್ಲಿಂದ 2 ತಿಂಗಳಲ್ಲಿ ಶಿಫಾರಸು ಬರಬೇಕು, ಆಮೇಲೆ 1 ತಿಂಗಳಲ್ಲಿ ನಿಮಗೆ ತೀರ್ಮಾನ ತಿಳಿಸಬೇಕು. ಒಟ್ಟು ಮೂರೂವರೆ ತಿಂಗಳು. ನಕ್ಷೆಯಲ್ಲಿ ನೀರಿನ ಟಾಕಿ, ಮೆಟ್ಟಿಲ ಮೇಲಿನ ಛಾವಣಿ ಎಲ್ಲ ಸೇರಿಸಿ ಒಟ್ಟು ಎತ್ತರ ತೋರಿಸಿ. ಪಾಲಿಕೆ ಪರವಾನಿಗೆ ಇದಾದ ಮೇಲೆ. ಇದನ್ನು ಬಿಟ್ಟು ಕಟ್ಟಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಪ್ರಶ್ನೆ: ಮಳೆಗಾಲದಲ್ಲಿ ಪಕ್ಕದ ಗೋಡೆಗೆ ಇರಚಲು ಹೊಡೆದು ಒಳಗೆಲ್ಲ ತಂಪು ಹಿಡಿಯುತ್ತದೆ. ಪತ್ರಾಸನ್ನು (ತಗಡಿನ ಶೀಟನ್ನು) ನಾಲ್ಕು ಫೂಟು ಹೊರಗೆ ಚಾಚಬಹುದೇ? ನಮ್ಮ ಜಾಗ ಇನ್ನೂ ಐದು ಫೂಟು ಇದೆ.
– ಓದುಗರು, ಶಹಾಪುರ, ಬೆಳಗಾವಿ

ಉತ್ತರ: ಜಾಗ ನಿಮ್ಮದೇ ಆದರೂ ಮನೆ ಸುತ್ತ ಬಿಡಬೇಕಾದ ತೆರೆದ ಜಾಗವನ್ನು ಆಕಾಶಕ್ಕೆ ತೆರೆದೇ ಇಡಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆ ಅದರೊಳಗೆ ಛಜ್ಜಾಕ್ಕೆ ಬಿಡುವುದು 75 ಸೆಂ.ಮೀ., ಅಂದರೆ ಎರಡೂವರೆ ಫೂಟು. ನಾಲ್ಕು ಫೂಟು ಚಾಚಿ, ಆಮೇಲೆ ಕೆಳಗೆ ಕಂಬ ನಿಲ್ಲಿಸಿದರಂತೂ ಅದು ಕೋಣೆಯ ಲೆಕ್ಕಕ್ಕೇ ಬರುತ್ತದೆ.

ನೀರಿನ ವಿಚಾರ ಇನ್ನೂ ಸೂಕ್ಷ್ಮ. ನಿಮ್ಮ ಪತ್ರಾಸಿನ ನೀರು ನೆರೆಯವರ ಹಿತ್ತಲಿಗೆ ಬೀಳಬಾರದು. 1882ರ ಅನುಭೋಗ ಹಕ್ಕುಗಳ ಕಾಯ್ದೆಯಂತೆ ನೆರೆಯವರ ಜಾಗಕ್ಕೆ ನೀರು ಬೀಳಿಸುವ ಹಕ್ಕು ಹುಟ್ಟಬೇಕಾದರೆ 20 ವರ್ಷ ಅಡ್ಡಿಯಿಲ್ಲದೆ ನಡೆದುಬಂದಿರಬೇಕು. ಹಳೆಯ ಹಂಚಿನಿಂದ ನೀರು ಬೀಳುತ್ತಿತ್ತೆಂದು ಹೊಸ ಪತ್ರಾಸಿನಿಂದ ಅದಕ್ಕಿಂತ ಹೆಚ್ಚು ಬೀಳಿಸುವ ಹಾಗಿಲ್ಲ. ಅಂಚಿಗೆ ಪನ್ನಾಳ (ನೀರು ಹರಿಯುವ ದೋಣಿ) ಕಟ್ಟಿಸಿ. ಗಂಟೆಗೆ 100 ಮಿ.ಮೀ. ಮಳೆ ಸುರಿದರೆ 4 ಇಂಚಿನ ಒಂದು ಇಳಿಪೈಪು ಸುಮಾರು 40 ಚದರ ಮೀಟರ್ ಛಾವಣಿಯ ನೀರನ್ನು ಇಳಿಸುತ್ತದೆ. ಬೆಳಗಾವಿಯ ಮಳೆಗೆ ಅದಕ್ಕಿಂತ ಕಡಿಮೆ ಬೇಡ.

ಗಾಳಿಗೆ ಮೊದಲು ಏಳುವುದು ಪತ್ರಾಸಿನ ಅಂಚು. ಪತ್ರಾಸನ್ನು ಹೊತ್ತ ಕೊನೆಯ ಅಡ್ಡಪೈಪಿನಿಂದ ಹೊರಗೆ ಒಂದು ಫೂಟಿಗಿಂತ ಹೆಚ್ಚು ಬಿಡಬೇಡಿ. ಅಂಚಿನ ಸಾಲಿನಲ್ಲಿ ಪತ್ರಾಸಿನ ಪ್ರತಿ ಉಬ್ಬಿಗೂ ಸ್ಕ್ರೂ ಬೇಕು, ರಬ್ಬರ್ ವಾಷರ್ ಸಮೇತ, ಉಬ್ಬಿನ ಮೇಲ್ಭಾಗಕ್ಕೇ. ತಗ್ಗಿಗೆ ಹೊಡೆದ ಸ್ಕ್ರೂ ಎರಡನೇ ಮಳೆಗಾಲಕ್ಕೆ ಸೋರುತ್ತದೆ. ಓಣಿಯಲ್ಲಿ ಮನೆಗಳಿಗೆ ಕರೆಂಟು ಕೊಡುವ ತಂತಿ ಹಾದಿದ್ದರೆ ಪಕ್ಕಕ್ಕೆ 1.2 ಮೀಟರ್, ಮೇಲೆ 2.5 ಮೀಟರ್ ಅಂತರ ಕಡ್ಡಾಯ. 11 ಕೆ.ವಿ. ತಂತಿಯಾದರೆ ಮೇಲೆ 3.7 ಮೀಟರ್. ಪತ್ರಾಸು ಎತ್ತಿ ಕೊಡುವಾಗ ಅದರ ತುದಿ ತಂತಿಗೆ ತಾಗಿ ಜೀವ ಹೋಗುತ್ತದೆ. ಅಂತರ ಕಡಿಮೆ ಕಂಡರೆ ಮೊದಲು ಹೆಸ್ಕಾಂ ಕಚೇರಿಗೆ ಬರೆದುಕೊಡಿ, ಕೆಲಸ ಆಮೇಲೆ.

ಪ್ರಶ್ನೆ: ಕಂಬಗಳ ಮೇಲೆ ಸರಳು ಬಿಟ್ಟಿದ್ದಾರೆ. 12×15 ಫೂಟಿನ ಕೋಣೆ ಏರಿಸಬಹುದೇ? ಎರೆಮಣ್ಣಿನ ಜಾಗ.
– ಓದುಗರು, ಬಾಗಲಕೋಟೆ

ಉತ್ತರ: ಸರಳು ಬಿಟ್ಟ ಮಾತ್ರಕ್ಕೆ ಪಾಯ ಎರಡು ಅಂತಸ್ತು ಹೊರುತ್ತದೆ ಎಂದಲ್ಲ. ಭಾರದ ಲೆಕ್ಕ ನೋಡಿ. 5 ಇಂಚಿನ ಸ್ಲ್ಯಾಬು ಚದರ ಮೀಟರಿಗೆ ಸುಮಾರು 310 ಕಿಲೋ, ನಿಮ್ಮ ಕೋಣೆಗೆ 5 ಟನ್ ಮೇಲೆ. 9 ಇಂಚಿನ ಇಟ್ಟಿಗೆ ಗೋಡೆ 10 ಫೂಟು ಎತ್ತರಕ್ಕೆ ಮೀಟರಿಗೆ 1.3 ಟನ್ನಿನಷ್ಟು. ನಾಲ್ಕೂ ಗೋಡೆ ಸೇರಿ, ಬಾಗಿಲು ಕಿಟಕಿ ಕಳೆಯುವ ಮೊದಲು, 21 ಟನ್. ಸ್ಲ್ಯಾಬಿಗೆ ಅಂಜುವವರು ಗೋಡೆಯ ಭಾರ ಮರೆತಿರುತ್ತಾರೆ. ಆ ಗೋಡೆ ಕೆಳಗಿನ ಗೋಡೆ ಅಥವಾ ಬೀಮಿನ ಮೇಲೆ ಕೂರದೆ ಸ್ಲ್ಯಾಬಿನ ನಡುವೆ ಕೂತರೆ ಸ್ಲ್ಯಾಬು ಬಾಗುತ್ತದೆ. ಅದೇ ಪತ್ರಾಸು ಚದರ ಮೀಟರಿಗೆ ಬರೀ 5 ಕಿಲೋ.

ಸರಳಿನ ಉದ್ದ ಅಳೆಯಿರಿ. 16 ಮಿ.ಮೀ. ಸರಳಿಗೆ ಅದರ ದಪ್ಪದ 50 ಪಟ್ಟು, ಅಂದರೆ 80 ಸೆಂ.ಮೀ. ಜೋಡಣೆ ಬೇಕು. ಒಂದೂವರೆ ಫೂಟು ಬಿಟ್ಟಿದ್ದರೆ ಸಾಲದು. ತಂತಿ ಬ್ರಷ್ಷಿನಿಂದ ತಿಕ್ಕಿ ನೋಡಿ. ತುಕ್ಕು ಪದರ ಪದರವಾಗಿ ಉದುರಿದರೆ ಸರಳು ಸವೆದಿದೆ.

ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಪಾಯದ ಪಕ್ಕ ಗುಂಡಿ ತೆಗೆಸಿ ಅದು ಎರೆ ದಾಟಿ ಗಟ್ಟಿ ನೆಲಕ್ಕೆ ಮುಟ್ಟಿದೆಯೇ ಎಂದು ಎಂಜಿನಿಯರರಿಗೆ ತೋರಿಸಿ. ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಹೋಗಿದ್ದರೆ ಅದರ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿಯನ್ನು ಸಿಮೆಂಟಿನಿಂದ ಅಂಟಿಸಿ, ಒಂದು ಬೇಸಿಗೆ ಒಂದು ಮಳೆಗಾಲ ಬಿಡಿ. ಗಾಜು ಒಡೆದರೆ ಮನೆ ಇನ್ನೂ ಕದಲುತ್ತಿದೆ, ಮೇಲೆ ಭಾರ ಹೇರಬೇಡಿ.

ಪ್ರಶ್ನೆ: ಪರವಾನಿಗೆ ಇಲ್ಲದೆ ಏರಿಸಿದ ಕೋಣೆಗೂ ಮನೆಪಟ್ಟಿ ತುಂಬುತ್ತಿದ್ದೇವೆ. ಸಕ್ರಮ ಆದಂತೆಯೇ?
– ಓದುಗರು, ಬೆಳಗಾವಿ

ಉತ್ತರ: ಇಲ್ಲ. ತೆರಿಗೆ ಬೇರೆ, ಪರವಾನಿಗೆ ಬೇರೆ. 1976ರ ಮಹಾನಗರ ಪಾಲಿಕೆಗಳ ಕಾಯ್ದೆಯ 321ನೇ ಕಲಂ ಪ್ರಕಾರ ಆಯುಕ್ತರು ನೋಟಿಸು ಕೊಟ್ಟು ತೆರವಿಗೆ ಆದೇಶಿಸಬಹುದು. ನೋಟಿಸು ಬಂದರೆ ಅದರಲ್ಲಿ ಕೊಟ್ಟ ಗಡುವಿನೊಳಗೆ ಲಿಖಿತ ಉತ್ತರ, ಜೊತೆಗೆ ಇದ್ದದ್ದು ಇದ್ದ ಹಾಗೆ ಅಳೆದ ನಕ್ಷೆ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ.